ಎರಡು ನಾಲಿಗೆಯ ಅಕ್ಕ

ಕಳೆದ ಏಪ್ರಿಲ್ ಕೊನೆಗೆ ಅಕ್ಕ ಕೆಲಸದಿಂದ ನಿವೃತ್ತಳಾದಳು. ಕೆನಡಾದಲ್ಲಿ, ಟೊರಾಂಟೊ ಹತ್ತಿರದ ಬೋಲ್ಟನ್ನಿನ ನಮ್ಮ ವೇರ್‌ಹೌಸಿನ ಊಟದ ಕೋಣೆಯಲ್ಲಿ ಅವಳು ಕೂಡುತ್ತಿದ್ದ ಮೂಲೆಯ ಮೇಜು ಈಗ ಬೇರೆಯವರದಾಗಿದೆ. ನಾನೂ ಅಲ್ಲಿ ಕೂಡುವುದಿಲ್ಲ. ಏಳು ವರ್ಷ ಅವಳ ಎದುರು ಬುತ್ತಿ ಬಿಚ್ಚಿದವಳಿಗೆ ಅಲ್ಲಿ ಅವಳಿಲ್ಲದೆ ಕೂತು ಉಣ್ಣಲು ಮನಸ್ಸಾಗುವುದಿಲ್ಲ.

ಅವಳು ನನ್ನ ಬಳಗದವಳಲ್ಲ, ನನ್ನ ದೇಶದವಳೂ ಅಲ್ಲ. ದಕ್ಷಿಣ ಅಮೆರಿಕದ ಎಕ್ವಡಾರಿನವಳು. ಆ ದೇಶ ನಕ್ಷೆಯಲ್ಲಿ ಎಲ್ಲಿದೆ ಎಂದು ಅವಳೇ ಫೋನಿನ ಮೇಲೆ ಬೆರಳಿಟ್ಟು ನನಗೆ ತೋರಿಸಬೇಕಾಯಿತು. ಐದು ವರ್ಷದವಳಿದ್ದಾಗ ಅವ್ವನ ಕೈ ಹಿಡಿದು ಟೊರಾಂಟೊಕ್ಕೆ ಬಂದಳಂತೆ. ನನಗಿಂತ ಇಪ್ಪತ್ತೈದು ವರ್ಷಕ್ಕಾದರೂ ದೊಡ್ಡವಳು. ಕುಳ್ಳಗೆ, ಗಟ್ಟಿಯಾಗಿ, ಅಕ್ಕಿ ತುಂಬಿಟ್ಟ ಚೀಲದ ಹಾಗೆ ನಿಲ್ಲುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಭಾರದ ಪೆಟ್ಟಿಗೆಯೊಂದು ಕೈ ಜಾರುವಾಗ, ಬಾಯಿಂದ ತಾನಾಗಿ ‘ಅಕ್ಕಾ, ಹಿಡಿ’ ಎಂದು ಬಂತು. ಅವಳು ಹಿಡಿದಳು. ಪೆಟ್ಟಿಗೆ ಇಳಿಸಿದ ಮೇಲೆ ಆ ಪದದ ಅರ್ಥ ಕೇಳಿದಳು. ಹೇಳಿದೆ. ಇನ್ನು ಮುಂದೆ ಹಾಗೇ ಕರೆ ಎಂದಳು. ಅವಳು ನನ್ನನ್ನು ‘ಮಿಹಾ’ ಅನ್ನುತ್ತಿದ್ದಳು. ಅವರಲ್ಲಿ ಹಿರಿಯ ಹೆಂಗಸರು ಚಿಕ್ಕವರನ್ನು ಹಾಗೆ ಕರೆಯುತ್ತಾರೆ, ನಮ್ಮ ಕಡೆ ‘ಮಗಳ’ ಅಂದ ಹಾಗೆ.

ನಮ್ಮಿಬ್ಬರ ಮಾತೆಲ್ಲ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ಈಗ ನೆನಪಿಸಿಕೊಂಡರೆ ಅವಳು ನನಗೆ ನಮ್ಮ ಧಾರವಾಡದ ಕನ್ನಡದಲ್ಲೇ ಕೇಳಿಸುತ್ತಾಳೆ. ಆ ಜೋರು, ಮಾತಿನ ನಡುವೆ ಹುಬ್ಬು ಏರಿಸಿ ನಿಲ್ಲಿಸುವ ಆ ರೀತಿ, ಎಲ್ಲ ನಮ್ಮ ಓಣಿಯ ಹೆಂಗಸರದೇ. ಅದಕ್ಕೆ ಕೇಳಿಸಿದ ಹಾಗೆಯೇ ಬರೆಯುತ್ತೇನೆ. ಬಹುವಚನವನ್ನೂ ಹಚ್ಚುವುದಿಲ್ಲ. ಹಚ್ಚಿದರೆ ಆಕೆ ಯಾರೋ ದೂರದವರ ಹಾಗೆ ಕಾಣುತ್ತಾಳೆ.

ನಾವು ಹತ್ತಿರವಾದದ್ದು ಶೇಂಗಾದಿಂದ. ಒಂದು ದಿನ ನನ್ನ ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡವಳು ಕಣ್ಣು ಮುಚ್ಚಿದಳು. ಅವಳ ಅವ್ವ ಶೇಂಗಾ ಅರೆದು ಸಾರಿನಂಥದ್ದು ಮಾಡುತ್ತಿದ್ದಳಂತೆ.

“ಇದು ಮನಿ,” ಎಂದಳು.

“ಮನಿ ಅಲ್ಲ, ಶೇಂಗಾ. ನಮ್ಮಲ್ಲಿ ಮನಿ ಅಂದ್ರ ನಾವು ಇರೂ ಜಾಗ.”

“ನಮ್ಮಲ್ಲಿ ಮನಿ ಅಂದ್ರ ಶೇಂಗಾನ.” ಅವಳು ಬೆರಳು ಮಡಿಚಿ ಎಣಿಸಿದಳು. “ಇಂಗ್ಲಿಷಿನವರಿಗೆ ರೊಕ್ಕ, ನಿನಗ ಮನಿ, ನನಗ ಶೇಂಗಾ. ಮೂರರಾಗ ತಿನ್ನಾಕ ಬರೂದು ನಂದೊಂದ ನೋಡು.”

ಆವತ್ತಿನಿಂದ ಅವಳ ಬುತ್ತಿಯ ಕರಿದ ಬಾಳೆಕಾಯಿ ನನಗೆ, ನನ್ನ ಚಟ್ನಿ ಅವಳಿಗೆ.

ನಮ್ಮ ಪ್ಯಾಕಿಂಗ್ ಲೈನಿನಲ್ಲಿ ಅವಳಿಗೆ ಇನ್ನೊಂದು ಕೆಲಸವಿತ್ತು. ಅದು ಯಾವ ಕಾಗದದಲ್ಲೂ ಇರಲಿಲ್ಲ. ವೆನೆಜುವೆಲಾದಿಂದ, ಕೊಲಂಬಿಯಾದಿಂದ ಹೊಸದಾಗಿ ಬಂದ ಹೆಂಗಸರು ಪ್ಯಾಕಿಂಗಿಗೆ ಸೇರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸೂಪರ್‌ವೈಸರ್ ಹೇಳಿದ್ದನ್ನು ಅಕ್ಕ ಸ್ಪ್ಯಾನಿಶಿನಲ್ಲಿ ಅವರಿಗೆ ಹೇಳುವಳು. ಅವರ ಕಷ್ಟವನ್ನು ಇಂಗ್ಲಿಷಿನಲ್ಲಿ ಅವನಿಗೆ ಹೇಳುವಳು. ಇದನ್ನು ಮಾಡುತ್ತಲೇ ತನ್ನ ಪೆಟ್ಟಿಗೆಗಳನ್ನೂ ಕಟ್ಟುವಳು.

ಒಂದು ಸೋಮವಾರ ಗೋಡೆಯ ಮೇಲೆ ಒಂದು ಕಾಗದ ಬಂತು. ಸುರಕ್ಷತೆಯ ದೃಷ್ಟಿಯಿಂದ ಲೈನಿನಲ್ಲಿ ಇಂಗ್ಲಿಷ್ ಮಾತ್ರ ಮಾತಾಡಬೇಕು ಎಂದು. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಈ ಹೆಂಗಸರು ನಗುವಾಗ ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಮೇಲಿನ ಆಫೀಸಿನ ಯಾರಿಗೋ ಅನಿಸಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, ತನ್ನ ಪೆಟ್ಟಿಗೆಗಳ ಕಡೆ ಹೋದಳು. ಅವಳು ಸುಮ್ಮನಾದದ್ದು ಕಂಡು ನನಗೆ ಆಶ್ಚರ್ಯವಾಯಿತು, ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು.

ಬುಧವಾರ ಹೊಸ ಲೇಬಲ್ ಯಂತ್ರ ಬಂತು. ಸೂಪರ್‌ವೈಸರ್ ಹತ್ತು ನಿಮಿಷ ವಿವರಿಸಿದ. ಹೊಸ ಹೆಂಗಸರು ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಲಾರಿಗಾಗುವಷ್ಟು ಪೆಟ್ಟಿಗೆಗಳ ಮೇಲೆ ತಪ್ಪು ಲೇಬಲ್ ಕೂತಿತ್ತು. ಅವನು ಓಡಿ ಬಂದ.

“ಇವರಿಗೆ ಸ್ವಲ್ಪ ಹೇಳಿ,” ಎಂದ ಅಕ್ಕನಿಗೆ.

ಅಕ್ಕ ಆ ಹೆಂಗಸರ ಕಡೆ ತಿರುಗಿ, ಅವನು ಬೆಳಿಗ್ಗೆ ಹೇಳಿದ ಮಾತುಗಳನ್ನೇ, ಇಂಗ್ಲಿಷಿನಲ್ಲೇ, ಅವನಿಗಿಂತ ನಿಧಾನವಾಗಿ ಮತ್ತು ಅವನಿಗಿಂತ ಜೋರಾಗಿ ಹೇಳಿದಳು. ಅವರು ಮತ್ತೆ ತಲೆಯಾಡಿಸಿದರು.

“ಸ್ಪ್ಯಾನಿಶಿನಲ್ಲಿ ಹೇಳಿ.”

ಅವಳು ಗೋಡೆಯ ಕಾಗದ ತೋರಿಸಿದಳು. “ನಾ ಕಾಯ್ದೆ ಮುರಿಯೂವಾಕಿ ಅಲ್ಲ.”

ಅವನು ಕಾಗದ ಕೀಳಲು ಕೈ ಮಾಡಿದ. ಅಕ್ಕ ತಡೆದಳು. ಈಗ ಬೇಡ, ಶಿಫ್ಟ್ ಬದಲಾಗುವಾಗ ಎರಡೂ ಶಿಫ್ಟಿನವರ ಎದುರಿಗೆ ತೆಗೆ, ಎಲ್ಲರೂ ನೋಡಲಿ ಎಂದಳು. ಅಲ್ಲಿಯವರೆಗೆ ಲೈನು ನಿಂತಿತು. ಸೂಪರ್‌ವೈಸರ್ ಕೆಟ್ಟವನಲ್ಲ. ಪಕ್ಕದ ಊರಿನ ಇಟಾಲಿಯನ್ ಮನೆತನದವನು, ಮೂವತ್ತರ ಆಸುಪಾಸು. ಮೂರು ಗಂಟೆಗೆ ಎಲ್ಲರ ಮುಂದೆ ಕಾಗದ ತೆಗೆದು ಮಡಿಚಿ ಜೇಬಿಗೆ ಹಾಕಿಕೊಂಡ. ಅಕ್ಕ ಅವನನ್ನು ಪಕ್ಕಕ್ಕೆ ಕರೆದು ಕೇಳಿದ್ದು ನನಗೆ ಕೇಳಿಸಿತು.

“ನಿಮ್ಮಜ್ಜಿ ನಿನ್ನ ಜೋಡಿ ಯಾವ ಭಾಷಾದಾಗ ಮಾತಾಡ್ತಿದ್ರು?”

“ಇಟಾಲಿಯನ್. ನನಗೆ ಬರ್ತಿರಲಿಲ್ಲ. ಸುಮ್ನೆ ನಗ್ತಿದ್ದೆ.”

“ಹೂಂ,” ಎಂದಳು. ಯಂತ್ರದ ಕಡೆ ನಡೆದಳು.

ಇಷ್ಟೇ ಆಗಿದ್ದರೆ ಅವಳು ಗಟ್ಟಿಗಿತ್ತಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವಳು ನನ್ನ ಮನೆಯ ಮಾತನ್ನು ಉಳಿಸಿಕೊಟ್ಟವಳು. ಅದನ್ನು ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ವರ್ಷ ನನ್ನ ಮಗಳಿಗೆ ಎರಡು ತುಂಬಿತ್ತು. ಮೂರರ ಹತ್ತಿರ ಬಂದರೂ ಅವಳ ಬಾಯಲ್ಲಿ ಐದಾರು ಪದಗಳಷ್ಟೇ. ನಾವಿದ್ದದ್ದು ಬ್ರಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ. ಡೇಕೇರಿನ ಟೀಚರ್ ಒಂದು ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮೆಲುದನಿಯಲ್ಲಿ ಹೇಳಿದರು. ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ ಎಂದು. ನನ್ನ ಗಂಡ ಹುಬ್ಬಳ್ಳಿಯವರು, ಟ್ರಕ್ ಕಂಪನಿಯೊಂದರಲ್ಲಿ ಲಾರಿಗಳನ್ನು ಗೊತ್ತುಮಾಡಿ ಕಳಿಸುವ ಡಿಸ್ಪ್ಯಾಚ್ ಕೆಲಸ. ಕಾರಿನಲ್ಲಿ ಅವರೆಂದರು, “ಅಕಿ ಬದುಕೂದು ಇಲ್ಲೇ ಐತಿ. ಮೊದಲ ಇಂಗ್ಲಿಷ್ ಬರಲಿ. ಕನ್ನಡ ಆಮ್ಯಾಲ ಕಲತಾಳ ಬಿಡು.”

ನಾನು ಒಪ್ಪಿದೆ. ತಾಯಿಯಾದವಳು ಮಗುವಿನ ದಾರಿಗೆ ಅಡ್ಡ ನಿಲ್ಲಬಾರದು ಎಂದುಕೊಂಡೆ. ನನ್ನದು ಪರೀಕ್ಷೆ ಬರೆದು ಪಾಸಾದ ಇಂಗ್ಲಿಷ್. ಅದರಲ್ಲಿ ಅರ್ಜಿ ಬರೆಯಬಲ್ಲೆ, ಇಂಟರ್‌ವ್ಯೂ ಕೊಡಬಲ್ಲೆ. ಜ್ವರ ಬಂದು ಮಗಳು ಎದೆಗೆ ಅಂಟಿ ಮಲಗಿದಾಗ ಅದರಲ್ಲಿ ಹೇಗೆ ಮುದ್ದು ಮಾಡುವುದೆಂದು ನನಗೆ ಗೊತ್ತಿರಲಿಲ್ಲ. ಬಾ, ತಿನ್ನು, ಮಲಗು, ಬೇಡ, ಜಾಣೆ. ಈ ಐದರ ಇಂಗ್ಲಿಷ್ ಪದಗಳನ್ನೇ ತಿರುಗಾಮುರುಗಾ ಹೇಳುತ್ತಿದ್ದೆ. ನಾಲ್ಕು ತಿಂಗಳಲ್ಲಿ ಮಗಳ ಮಾತು ಹೆಚ್ಚಲಿಲ್ಲ, ನನ್ನದು ನಿಂತುಹೋಯಿತು. ನನ್ನ ಅವ್ವ ವಿಡಿಯೋದಲ್ಲಿ ‘ಯಾಕವಾ, ಕೂಸಿನ ಜೋಡಿ ಪೊಲೀಸರಂಗ ಮಾತಾಡ್ತಿ’ ಎಂದು ಕೇಳಿದ ದಿನ ನಾನು ನೆಟ್‌ವರ್ಕ್ ಸರಿ ಇಲ್ಲ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಇದನ್ನು ಗುರುತಿಸಿದವಳು ಅಕ್ಕ. ಗಂಡ ಮನೆಯಲ್ಲಿರುವ ದಿನಗಳಲ್ಲಿ ನಾನು ಊಟದ ಬಿಡುವಿನಲ್ಲಿ ಮಗಳಿಗೆ ಫೋನ್ ಮಾಡಿ ಮಾತಾಡುತ್ತಿದ್ದೆ. ಅಕ್ಕ ಒಂದು ಪದವೂ ತಿಳಿಯದೆ ಅದನ್ನು ಕೇಳುತ್ತ ಕೂಡುತ್ತಿದ್ದಳು. ಅವಳಿಗೆ ಅದು ಇಷ್ಟ.

“ಮಿಹಾ, ಈಗೀಗ ಮಗಳಿಗೆ ಫೋನ್ ಹಚ್ಚಂಗಿಲ್ಲಲ್ಲ, ಯಾಕ?”

ಟೀಚರ್ ಹೇಳಿದ್ದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಆವತ್ತು ಅರ್ಧ ಗಂಟೆಯ ಬಿಡುವಿನಲ್ಲಿ ಅವಳು ಹೇಳಿದ್ದನ್ನು ನಾನು ಮರೆತಿಲ್ಲ.

“ನಮ್ಮವ್ವಗೂ ಇದನ್ನ ಹೇಳಿದ್ರು. ನಾ ಆಗ ಒಂದನೇ ಇಯತ್ತೆ. ಸಾಲಿಯಿಂದ ಒಬ್ಬಾಕಿ ಮನಿಗೆ ಬಂದು, ಹುಡುಗಿ ಮುಂದ ಬರಬೇಕಂದ್ರ ಸ್ಪ್ಯಾನಿಶ್ ಬಿಡ್ರಿ ಅಂದ್ಲು. ನಮ್ಮವ್ವ ಅರಿವಿ ಹೊಲಿಯೂ ಫ್ಯಾಕ್ಟರ್ಯಾಗ ಇದ್ಲು. ಇಂಗ್ಲಿಷ್ ಬರ್ತಿರಲಿಲ್ಲ. ಆದ್ರ ದೊಡ್ಡವರು ಹೇಳ್ಯಾರಂತ ಮಾತು ಕೇಳಿದ್ಲು. ಮನ್ಯಾಗ ಬಾಯಿ ಮುಚ್ಚಿದ್ಲು. ಬಾಡಿಗಿಯವ ಬಂದ್ರ, ಡಾಕ್ಟರ್ ಕಡೆ ಹೋದ್ರ, ಆಗಷ್ಟ ನನಗ ಸ್ಪ್ಯಾನಿಶಿನಾಗ ಹೇಳಾಕಿ, ನಾ ಅವರಿಗೆ ಇಂಗ್ಲಿಷಿನಾಗ ಹೇಳಾಕಿ. ಎಂಟು ವರ್ಷದಾಕಿ ನಾ ಬಾಡಿಗಿ ಜಗಳ ಮಾಡ್ತಿದ್ದೆ.”

ಹದಿನಾಲ್ಕಕ್ಕೆ ಬಂದಾಗ ಅವಳಿಗೆ ಅವ್ವನ ಭಾಷೆಯ ಬಗ್ಗೆ ನಾಚಿಕೆ ಹುಟ್ಟಿತು. ಒಂದು ಸಲ ಟ್ರಾಮಿನಲ್ಲಿ ಶಾಲೆಯ ಗೆಳತಿಯರ ಜೊತೆ ನಿಂತಿದ್ದಾಗ ಅವ್ವ ಹಿಂದಿನಿಂದ ಜೋರಾಗಿ ಸ್ಪ್ಯಾನಿಶಿನಲ್ಲಿ ಕೂಗಿ ಕರೆದಳಂತೆ. ಅವಳು ತಿರುಗಿ ನೋಡಲಿಲ್ಲ. ಗೆಳತಿಯರು ಯಾರದು ಎಂದು ಕೇಳಿದಾಗ ಗೊತ್ತಿಲ್ಲ ಎಂದು ಹೇಳಿ ಮುಂದಿನ ಸ್ಟಾಪಿನಲ್ಲಿ ಇಳಿದಳು. ಅವ್ವ ಮನೆಯಲ್ಲಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ಹೇಳುವಾಗ ಅಕ್ಕ ನನ್ನ ಮುಖ ನೋಡಲಿಲ್ಲ.

“ನಂಗ ಮೂವತ್ತೆರಡು ವರ್ಷ ಆದಾಗ ಅವ್ವಗ ಕ್ಯಾನ್ಸರ್ ಆತು. ಡಾಕ್ಟರ್ ನನಗ ಇಂಗ್ಲಿಷಿನಾಗ ಹೇಳಿ, ನೀವ ಅವರಿಗೆ ತಿಳಿಸ್ರಿ ಅಂದ್ರು. ನನ್ನ ಕಡೆ ಇದ್ದದ್ದು ಹತ್ತು ವರ್ಷದ ಹುಡುಗಿ ಸ್ಪ್ಯಾನಿಶ್. ಹಾಲು, ಅಕ್ಕಿ, ಬಾಡಿಗಿ, ಛತ್ರಿ. ‘ಹೊಟ್ಟ್ಯಾಗ ಕೆಟ್ಟದ್ದು ಐತಿ’ ಅಂದೆ. ಇನ್ನ ಎಷ್ಟು ತಿಂಗಳು ಅಂತ ಕೇಳಿದ್ಲು. ಬೆರಳು ತೋರ್ಸಿದೆ.”

ಅವಳು ನನಗೂ ನಾಲ್ಕು ಬೆರಳು ತೋರಿಸಿದಳು.

“ಆಮ್ಯಾಲ ಆಕಿ ಮಾತಾಡಾಕ ಸುರು ಮಾಡಿದ್ಲು. ಇಪ್ಪತ್ತೈದು ವರ್ಷ ಬಾಯಿ ಮುಚ್ಚಿದ್ದಾಕಿ ಮಧ್ಯಾಹ್ನ ಪೂರಾ ಮಾತಾಡಿದ್ಲು. ನಮ್ಮಪ್ಪನ ಬಗ್ಗೆ ಏನೋ, ಊರಿನ ಬಗ್ಗೆ ಏನೋ, ನನ್ನ ಬಗ್ಗೆನೂ ಏನೋ. ನನಗ ಅರ್ಧಾನೂ ತಿಳೀಲಿಲ್ಲ. ತಲಿ ಅಲ್ಲಾಡಿಸ್ಕೋತ ಕುಂತೆ. ಏನಂದ್ಲು ಅಂತ ಇವತ್ತಿಗೂ ಗೊತ್ತಿಲ್ಲ.”

ಗಂಟೆ ಹೊಡೆಯಿತು. ಎದ್ದು ಕೈಗವಸು ಹಾಕಿಕೊಳ್ಳುತ್ತ ಹೇಳಿದಳು, “ಶುಕ್ರವಾರ ರಜಾ ತಗೋ. ನಾನೂ ತಗೋತೀನಿ. ಆ ಟೀಚರ್ ಕಡೆ ಹೋಗೂಣ.”

ಶುಕ್ರವಾರ ಹೋದೆವು. ಗಂಡನಿಗೆ ನಾನು ಹೇಳಿರಲಿಲ್ಲ. ನೀವು ಯಾರು ಎಂದು ಟೀಚರ್ ಅಕ್ಕನನ್ನು ಕೇಳಿದರು. “ಅಕ್ಕ,” ಎಂದಳು, ಕನ್ನಡದಲ್ಲೇ, ಅಕ್ಕ ಎಂದರೇನು ಎಂದು ಅವರಿಗೆ ಗೊತ್ತಿರಬೇಕು ಎಂಬಂತೆ. ಅವರು ನಮ್ಮಿಬ್ಬರ ಮುಖ ನೋಡಿ ಮುಂದೆ ಕೇಳಲಿಲ್ಲ.

“ಈ ಕೂಸು ಕನ್ನಡದಾಗ ಮಾತಾಡ್ತಾಳೇನು?” ಅಕ್ಕ ಶುರುಮಾಡಿದಳು.

“ಇಲ್ಲ. ಅದೇ ತೊಂದರೆ.”

“ಇಂಗ್ಲಿಷಿನಾಗ?”

“ಇಲ್ಲ.”

“ಮನ್ಯಾಗ ನಾಕು ತಿಂಗಳಿಂದ ಇಂಗ್ಲಿಷ್ ಮಾತ್ರ. ಆದ್ರೂ ಇಲ್ಲ. ಹಂಗಾದ್ರ ತಪ್ಪು ಕನ್ನಡದ್ದು ಅಂತ ನಿಮಗ ಹೆಂಗ ಗೊತ್ತಾತು?”

ಟೀಚರ್ ಕೆಂಪಾದರು. ಎಲ್ಲ ತಂದೆತಾಯಂದಿರಿಗೂ ಹೇಳುವ ಸಲಹೆ ಇದು, ಮಗುವಿನ ಒಳ್ಳೆಯದಕ್ಕೇ ಹೇಳಿದ್ದು ಎಂದರು.

“ನಮ್ಮವ್ವಗೂ ಒಳ್ಳೇದಕ್ಕ ಹೇಳಿದ್ರು,” ಎಂದಳು ಅಕ್ಕ. ದನಿ ಏರಿಸಲಿಲ್ಲ. “ಇದರ ಕಿವಿ ಯಾರರ ನೋಡ್ಯಾರೇನು?”

ಯಾರೂ ನೋಡಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಅಕ್ಕನ ಮೊಮ್ಮಗಳಿಗೂ ಮಾತು ತಡವಾಗಿತ್ತಂತೆ, ಕೊನೆಗೆ ನೋಡಿದರೆ ಕಿವಿಯ ದೋಷ. ಅಕ್ಕ ಆ ಮೊಮ್ಮಗಳ ಜೊತೆ ಸ್ಪ್ಯಾನಿಶ್ ಮಾತಾಡುವುದಕ್ಕೆ ಸ್ವಂತ ಮಗಳೇ ಜಗಳ ತೆಗೆದಿದ್ದಳು. ‘ಮಗುವನ್ನು ಗೊಂದಲ ಮಾಡಬೇಡ ಮಮ್ಮಿ’ ಎಂದಿದ್ದಳು. ಆ ಮಗಳಿಗೆ ಅಕ್ಕ ಒಂದು ಪದವೂ ಸ್ಪ್ಯಾನಿಶ್ ಕಲಿಸಿರಲಿಲ್ಲ. ಅವಳು ಹುಟ್ಟಿದ್ದು ಅಕ್ಕ ಇನ್ನೂ ನಾಚಿಕೊಳ್ಳುತ್ತಿದ್ದ ವಯಸ್ಸಿನಲ್ಲಿ. ಆ ತಪ್ಪು ನನ್ನದು, ಅದನ್ನು ಮತ್ತೆ ಮಾಡುವುದಿಲ್ಲ ಎಂದು ಮಗಳಿಗೆ ಹೇಳಿ, ಮೊಮ್ಮಗಳ ಜೊತೆ ಮಾತು ಮುಂದುವರಿಸಿದ್ದಳು.

ಡೇಕೇರಿನಿಂದ ಹೊರಬಂದು ಮಗಳನ್ನು ಕಾರಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುವಾಗ ನನ್ನ ಬಾಯಿ ಬಿಚ್ಚಿತು. “ಏ ನನ್ನ ಬಂಗಾರಾ, ಹಸಿವಾಗೇತೇನು, ಮನಿಗೆ ಹೋಗಿ ತುಪ್ಪ ಅನ್ನ ಉಣ್ಣೂಣೇನು” ಎಂದು ಹಿಡಿದು ಏನೇನೋ ಹೇಳುತ್ತ ಹೋದೆ. ಮಗಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಂದಿನ ಸೀಟಿನಲ್ಲಿದ್ದ ಅಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಆ ಸಂಜೆ ಗಂಡನ ಜೊತೆ ಜಗಳವಾಯಿತು. ಮದುವೆಯಾದಾಗಿನಿಂದ ನಾನು ಅವರಿಗೆ ಎದುರು ಮಾತಾಡಿದ್ದು ಕಡಿಮೆ. ಆವತ್ತು ಹೇಳಿದೆ. “ಇಂಗ್ಲಿಷ್ ಈ ದೇಶ ಕಲಸ್ತೈತಿ. ಬೇಕಾದ್ರ ನೀವೂ ಕಲಸ್ರಿ. ನಾ ಅಕಿ ಜೋಡಿ ಕನ್ನಡ ಬಿಡೂದಿಲ್ಲ. ಬಿಟ್ಟು ನೋಡೀನಿ, ಮನ್ಯಾಗ ಇಬ್ಬರು ಮೂಕರಾದ್ವಿ.” ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಕಿವಿಯ ಡಾಕ್ಟರಿಗೆ ಅವರೇ ಫೋನ್ ಮಾಡಿದರು.

ಎರಡೂ ಕಿವಿಯ ಒಳಗೆ ನೀರು ತುಂಬಿತ್ತು. ಮಗುವಿಗೆ ನಮ್ಮ ಮಾತೆಲ್ಲ ನೀರೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು ಎಂದು ಡಾಕ್ಟರ್ ವಿವರಿಸಿದರು. ಕನ್ನಡವೂ ಅಷ್ಟೇ, ಇಂಗ್ಲಿಷೂ ಅಷ್ಟೇ. ಸಣ್ಣ ನಳಿಕೆ ಹಾಕಿ ಸರಿಮಾಡಿದರು. ಆರೇಳು ತಿಂಗಳಲ್ಲಿ ಮಗಳು ಬಾಯಿ ಮುಚ್ಚದ ಹಾಗೆ ಮಾತಾಡತೊಡಗಿದಳು. ಟೀಚರ್ ತಾವಾಗಿಯೇ ನನ್ನನ್ನು ಕರೆದು ಕ್ಷಮೆ ಕೇಳಿದರು. ನಾನು ಅದನ್ನು ಅಕ್ಕನಿಗೆ ಹೇಳಿದಾಗ, “ಮುಂದಿನ ತಾಯಿಗೆ ಏನ್ ಹೇಳ್ತಾರಂತ ಕೇಳಿದೇನು?” ಎಂದಳು. ಕೇಳಿರಲಿಲ್ಲ. ಮರುದಿನ ಹೋಗಿ ಕೇಳಿದೆ. ಮೊದಲು ಕಿವಿ ತೋರಿಸಿ ಅನ್ನುತ್ತೇನೆ ಎಂದರು.

ನನ್ನ ಮಗಳೀಗ ಕನ್ನಡವನ್ನು ನಿರರ್ಗಳವಾಗಿ ಮಾತಾಡುತ್ತಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂಬತ್ತು ವರ್ಷದವಳು, ನಾನು ಕನ್ನಡದಲ್ಲಿ ಕೇಳಿದರೆ ಬಹಳ ಸಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಒಮ್ಮೆ ಇದನ್ನು ಅಕ್ಕನ ಮುಂದೆ ತೋಡಿಕೊಂಡೆ. “ಆಕಿ ತನ್ನ ಕಡೆ ಇದ್ದದ್ದರಾಗ ಉತ್ತರ ಕೊಡಲಿ. ನೀ ನಿನ್ನದರಾಗ ಕೇಳೂದು ನಿಲ್ಲಸಬ್ಯಾಡ,” ಎಂದಳು. “ನಮ್ಮವ್ವ ಕೇಳೂದು ನಿಲ್ಲಿಸಿದ್ಲು ನೋಡು, ಅದ ತಪ್ಪಾತು.”

ತನ್ನ ಭಾಷೆಯನ್ನು ಅವಳು ಮರಳಿ ಕಲಿತದ್ದು ಅವ್ವ ಸತ್ತ ಮೇಲೆ. ಸಂಜೆಯ ತರಗತಿಯೊಂದಕ್ಕೆ ಸೇರಿದಳು. ರಜೆಗೆ ಮೆಕ್ಸಿಕೊಕ್ಕೆ ಹೋಗುವವರ ನಡುವೆ ಕೂತು ತನ್ನ ತಾಯಿನುಡಿಯ ಕ್ರಿಯಾಪದ ಬರೆದಳು. ಸ್ಪೇನಿನಿಂದ ಬಂದಿದ್ದ ಮೇಷ್ಟ್ರು, ನಿನ್ನದು ಅಡುಗೆಮನೆಯ ಸ್ಪ್ಯಾನಿಶ್, ಉಚ್ಚಾರವೆಲ್ಲ ತಪ್ಪು ಎಂದು ತಿದ್ದತೊಡಗಿದರಂತೆ. ಅವಳು ಎದ್ದು ನಿಂತು, ಅಡುಗೆಮನೆಯಾಚೆ ಏನಿದೆಯೋ ಅದನ್ನು ಕಲಿಸಿ, ಅಡುಗೆಮನೆಯದನ್ನು ಮುಟ್ಟಬೇಡಿ, ಅದು ನಮ್ಮವ್ವನದು ಎಂದಳಂತೆ. ಎರಡು ವರ್ಷ ಕಲಿತಳು. ಆಮೇಲೆ ಹೊಸದಾಗಿ ಬಂದವರ ಜೊತೆ ಆಸ್ಪತ್ರೆಗಳಿಗೆ ತಾನೇ ಹೋಗತೊಡಗಿದಳು, ಯಾರೂ ಕರೆಯದಿದ್ದರೂ. ಕೆಟ್ಟ ಸುದ್ದಿಯನ್ನು ಯಾರೂ ಬೆರಳಲ್ಲಿ ತೋರಿಸಬಾರದು ಎಂಬುದಷ್ಟೇ ಅವಳ ಹಟ.

ಎರಡು ಭಾಷೆಯವಳನ್ನು ನಿಮ್ಮಲ್ಲಿ ಏನನ್ನುತ್ತೀರಿ ಎಂದು ಒಮ್ಮೆ ಕೇಳಿದಳು. ನಮ್ಮಲ್ಲಿ ಎರಡು ನಾಲಿಗೆಯವಳು ಎಂದರೆ ಬೈಗುಳ, ನಂಬಿಕೆಗೆ ಯೋಗ್ಯಳಲ್ಲ ಎಂದರ್ಥ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. “ಬೈದ್ರ ಬೈಕೊಳ್ಳಲಿ. ಒಂದು ನಾಲಿಗಿ ಇದ್ದಾಗ ನಾ ನಮ್ಮವ್ವನ್ನ ಗೊತ್ತಿಲ್ಲ ಅಂದಿದ್ದೆ,” ಎಂದಳು.

ಅವಳ ಬೀಳ್ಕೊಡುಗೆ ಊಟದ ಕೋಣೆಯಲ್ಲೇ ಆಯಿತು. ಕೇಕ್ ಇತ್ತು, ಮೇಲಿನ ಆಫೀಸಿನವರು ಇಳಿದು ಬಂದಿದ್ದರು. ಮ್ಯಾನೇಜರ್ ಎರಡು ಮಾತಾಡಿ ಮೈಕನ್ನು ಅವಳ ಕೈಗೆ ಕೊಟ್ಟರು. ಅಕ್ಕ ಕನ್ನಡಕ ತೆಗೆದು, ಒಂದು ಸಲ ಎಲ್ಲರನ್ನೂ ನೋಡಿ, ಸ್ಪ್ಯಾನಿಶಿನಲ್ಲಿ ಶುರುಮಾಡಿದಳು. ನಡುವೆ ಇಂಗ್ಲಿಷ್ ಬರಬಹುದೆಂದು ಆಫೀಸಿನವರು ಮುಗುಳ್ನಗುತ್ತ ಕಾದರು. ಬರಲಿಲ್ಲ. ಐದಾರು ನಿಮಿಷ ಮಾತಾಡಿದಳು. ಪ್ಯಾಕಿಂಗಿನ ಹೆಂಗಸರು ಒಂದು ಕಡೆ ಜೋರಾಗಿ ನಕ್ಕರು, ಇನ್ನೊಂದು ಕಡೆ ಇಬ್ಬರು ಕಣ್ಣೊರೆಸಿಕೊಂಡರು. ನನಗೆ ತಿಳಿದದ್ದು ‘ಮಮಾ’ ಎಂಬ ಒಂದೇ ಪದ. ಅಷ್ಟು ಸಲ ಅವಳು ಅದನ್ನು ಹೇಳಿದಳು.

ಚಪ್ಪಾಳೆ ನಿಂತ ಮೇಲೆ ಮ್ಯಾನೇಜರ್ ಕೇಳಿದರು, “ಬಹಳ ಚೆನ್ನಾಗಿತ್ತು. ಈಗ ನಮಗೂ ಸ್ವಲ್ಪ ಇಂಗ್ಲಿಷಿನಲ್ಲಿ ಹೇಳ್ತೀರಾ?”

“ಇಪ್ಪತ್ತೊಂದು ವರ್ಷ ಹೇಳಿದೆ,” ಎಂದಳು ಅಕ್ಕ. “ಈಗ ನಾ ರಿಟೈರ್. ಯಾರನ್ನರ ಕೇಳ್ರಿ.”

ಮೈಕ್ ಮೇಜಿನ ಮೇಲಿಟ್ಟು ಕೇಕ್ ಕೊಯ್ಯಲು ಹೋದಳು. ಆಮೇಲೆ ನಮ್ಮ ಸೂಪರ್‌ವೈಸರ್, ಹಿಂದಿನ ಸಾಲಿನಲ್ಲಿ ನಿಂತಿದ್ದ ವೆನೆಜುವೆಲಾದ ಹೆಂಗಸಿನ ಹತ್ತಿರ ಹೋದ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಕ್ಕ ಏನು ಹೇಳಿದಳು ಎಂದು ಕೇಳಿದ. ಅವಳು ಸೆರಗಿನಂತೆ ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು ಹೇಳಲು ಹೊರಟಳು. ನಾಲ್ಕು ಪದ ಹೇಳಿ, ಐದನೆಯದು ಸಿಗದೆ ನಿಂತಳು. ಅವನು ತಲೆ ಬಗ್ಗಿಸಿ, ಅವಳ ಬಾಯಿಯನ್ನೇ ನೋಡುತ್ತ, ಕಾದ.